ದೇವಾನಂದನ ಅಂಗೈ

ಮುಂಬಯಿಯಲ್ಲಿ ಭಾನುವಾರ ಅಂತ ಒಂದು ದಿನ ಇಟ್ಟಿರುವುದೇ ಮೆಗಾಬ್ಲಾಕಿಗಾಗಿ, ಅಂದರೆ ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳನ್ನು ತಡೆಯುವುದಕ್ಕಾಗಿ. ದೂರದ ಉಪನಗರ ಡೊಂಬಿವ್ಲಿಯವರು ಅವತ್ತು ಬನಿಯನ್ ಮೇಲಿರುತ್ತಾರೆಯೇ ಹೊರತು ಬಾಂದ್ರಾಕ್ಕೆ ಹೋಗುವುದಿಲ್ಲ. ಊರಿನ ನೆಂಟರಿಗೆ ಇದು ತಿಳಿಯುವುದೇ ಇಲ್ಲ. ಅವರ ಲೆಕ್ಕದಲ್ಲಿ ಡೊಂಬಿವ್ಲಿಯೂ ಮುಂಬಯಿ, ಬಾಂದ್ರಾವೂ ಮುಂಬಯಿ. ಅಂದಮೇಲೆ ಹಿತ್ತಲ ಬಾಗಿಲಿನಿಂದ ಹೋಗಿಬರಬಹುದು.

ಮೊನ್ನೆ ಗದಗಿನಿಂದ ಸೋದರಮಾವ ಬಂದಿದ್ದರು. ಅವರ ಫೋನಿಗೆ ಯಾರೋ ಪುಣ್ಯಾತ್ಮರು ಹಳೇ ವಿಡಿಯೋ ಕಳಿಸಿದ್ದರು. ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನ ಸಮುದ್ರದ ದಂಡೆಯಲ್ಲಿ 2012ರಲ್ಲಿ ಶುರುವಾದ ‘ವಾಕ್ ಆಫ್ ದ ಸ್ಟಾರ್ಸ್’: ತಾರೆಯರ ಅಂಗೈ ಅಚ್ಚೊತ್ತಿದ ಹಿತ್ತಾಳೆ ಫಲಕಗಳು, ಬೆಂಚಿನ ಮೇಲೆ ಆರಾಮಾಗಿ ಕೂತ ರಾಜ್ ಕಪೂರನ ಪ್ರತಿಮೆ.

“ದೇವಾನಂದನ ಅಂಗೈಗೆ ಅಂಗೈ ಹಚ್ಚಿ ನೋಡಬೇಕಪಾ,” ಅಂದರು ಮಾವ.

“ಮಾವಾ, ದೇವಾನಂದ ತೀರಿಕೊಂಡಿದ್ದು 2011ರ ಡಿಸೆಂಬರ್‌ದಾಗ. ಇದು ಚಾಲೂ ಆಗಿದ್ದು ಮುಂದಿನ ವರ್ಷ. ಅಂಗೈ ಎಲ್ಲಿಂದ ತರ್ತಾರ?”

“ಮೊದಲ ತಗೊಂಡು ಇಟ್ಟಿರತಾರ. ದೊಡ್ಡ ಮಂದೀದು ಹಂಗ.”

ಇದಕ್ಕೆ ಉತ್ತರವಿದೆಯೇ? ಹೊರಟೆವು. ಫಾಸ್ಟ್ ಗಾಡಿ ಸ್ಲೋ ಟ್ರ್ಯಾಕಿನಲ್ಲಿ ತೆವಳಿತು. ದಾದರ್ ಸೇತುವೆಯ ಮೇಲೆ ಮಾವನ ಒಂದು ಚಪ್ಪಲಿ ಕಿತ್ತಿತು. ಬಾಂದ್ರಾ ಸ್ಟೇಷನ್ನಿನ ಹೊರಗೆ 211ರ ಬಸ್ಸಿಗೆ ಕಾದು, ಬೇಸತ್ತು, ರಿಕ್ಷಾ ಹತ್ತಿದ ಮರುಕ್ಷಣವೇ ಬಸ್ಸು ಬಂತು. ಅದು ಅದರ ಧರ್ಮ.

ದಂಡೆಗೆ ಇಳಿದದ್ದೇ ತಡ, ಮಾವ ಸಮುದ್ರಕ್ಕೆ ಬೆನ್ನು ಹಾಕಿ, ಸೊಂಟ ಬಗ್ಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಹುಡುಕಾಟ ಶುರುಮಾಡಿದರು. ಕಟ್ಟೆ, ಕಂಬಿ, ಬೆಂಚಿನ ಬುಡ, ಯಾವುದನ್ನೂ ಬಿಡಲಿಲ್ಲ. ಬ್ಯಾಂಡ್‌ಸ್ಟ್ಯಾಂಡಿನ ಬೆಂಚುಗಳು ಯಾರ ಸ್ವತ್ತು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಒಂದೊಂದು ಛತ್ರಿಯ ಕೆಳಗೂ ಒಂದೊಂದು ಸಂಸಾರ ಮೊಳಕೆಯೊಡೆಯುತ್ತಿರುತ್ತದೆ. ಮಾವನಿಗೆ ಗೊತ್ತಿರಬೇಕಲ್ಲ! ನಾನು ತಡೆಯುವಷ್ಟರಲ್ಲಿ ಮಡಚಿದ ಪೇಪರಿನಿಂದ ಒಂದು ಛತ್ರಿಯನ್ನು ತಟ್ಟಿ, ತಮ್ಮ ಗದಗಿನ ಹಿಂದಿಯಲ್ಲಿ ಗಂಭೀರವಾಗಿ ಕೇಳಿಯೇಬಿಟ್ಟರು: “ಯಹಾಂ ಹಾಥ್ ಹೈ ಕ್ಯಾ?”

ಛತ್ರಿಯೊಳಗಿಂದ ಒಂದು ಕೈ ಸರಕ್ಕನೆ ಹಿಂದೆ ಸರಿಯಿತು. “ನಹೀಂ ಅಂಕಲ್,” ಅಂದ ಹುಡುಗ.

“ಕಿಧರ್ ಗಯಾ?” ಮಾವ ಬಿಡಲಿಲ್ಲ. “ಪೈಲೆ ಥಾ ನಾ?”

ಹುಡುಗಿ ಮುಖ ಮುಚ್ಚಿಕೊಂಡಳು. ಹುಡುಗ ಎರಡೂ ಕೈ ತೋರಿಸಿದ. ನಾನು ಅರಬ್ಬೀ ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಷ್ಟಕ್ಕೆ ಮುಗಿಯಿತೇ? ಮುಂದಿನ ಛತ್ರಿಗೂ ಅದೇ ಪ್ರಶ್ನೆ, ಅದರ ಮುಂದಿನದಕ್ಕೂ. ಕೊನೆಗೆ ಎಳನೀರಿನವನೇ ಕರುಣೆ ತೋರಿದ: “ವೋ ಸಬ್ ತೋ ಕಬ್ ಕಾ ನಿಕಾಲ್ ದಿಯಾ, ಚಾಚಾ.” ಅಂಗೈಯೂ ಇಲ್ಲ, ರಾಜ್ ಕಪೂರನೂ ಇಲ್ಲ. ಇಷ್ಟು ದೊಡ್ಡ ಸಿನಿಮಾ ಊರು, ಒಂದು ಹಿತ್ತಾಳೆ ಫಲಕ ಉಳಿಸಿಕೊಳ್ಳಲಿಕ್ಕೆ ಏನು ಧಾಡಿ!

ಸಮಾಧಾನಕ್ಕೆ ‘ಮನ್ನತ್’ ಮುಂದೆ ಕರೆದೊಯ್ದೆ. ರಿಪೇರಿ ಅಂತ ಶಾರುಖ್ 2025ರಲ್ಲೇ ಪಾಲಿ ಹಿಲ್‌ಗೆ ಮನೆ ಬದಲಿಸಿದ್ದು ಊರಿಗೆಲ್ಲ ಗೊತ್ತು. ಆದರೂ ಜನ ಗೇಟಿಗೆ ಕೈಬೀಸುತ್ತಿದ್ದರು. ಮಾವ ತಿರುಗಿಯೂ ನೋಡಲಿಲ್ಲ. “ಅಂವಾ ಮೊನ್ನಿ ಬಂದ ಹುಡುಗ.”

ಆಮೇಲೆ ಕಟ್ಟೆಯ ಮೇಲೆ ಕೂತು ಬೋಳುತಲೆಯನ್ನು ಸವರಿಕೊಂಡರು, ಹಣೆಯಿಂದ ಹಿಂದಕ್ಕೆ, ಅಲ್ಲಿನ್ನೂ ಪಫ್ ಇದೆಯೇನೋ ಎಂಬಂತೆ. ನಾನು ಚಿಕ್ಕವನಿದ್ದಾಗ ಅಲ್ಲಿ ನಿಜವಾಗಿಯೂ ಪಫ್ ಇತ್ತು. ಅಂಗಿಯ ಕಾಲರಿನ ಗುಂಡಿಯನ್ನೂ ಅವರು ಬಿಗಿಯಾಗಿ ಹಾಕುತ್ತಿದ್ದರು. ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಟಾಕೀಸಿಗೆ ಒಯ್ಯುತ್ತಿದ್ದವರು ಇವರೇ. ಸಿನಿಮಾ ಮುಗಿದ ಮೇಲೆ ದಾರಿಯುದ್ದಕ್ಕೂ ತಲೆ ಓಲಾಡಿಸಿಕೊಂಡೇ ಪೆಡಲು ತುಳಿಯುತ್ತಿದ್ದರು. ಬೈಯಲು ಬಾಯಿ ಬರಲಿಲ್ಲ. ಎಳನೀರು ಕೊಡಿಸಿದೆ.

ವಾಪಸು ದಾದರಿನಲ್ಲಿ, ಅದೇ ನೂಕುನುಗ್ಗಲಿನ ನಡುವೆ ಅತ್ತೆಯ ಫೋನು ಬಂತು. ಮಾವ ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದರು: “ಹೂಂ, ನೋಡಿದೆ, ಹಚ್ಚೂ ನೋಡಿದೆ. ಅಂವಂದು ಒಂದ್ ಬೆರಳು ಸಣ್ಣದೈತಿ.”