ಮನೆಮನೆ ಸಮೀಕ್ಷೆ ನಂಬಿ ಕುಡಿತದ ಚಿಕಿತ್ಸೆಗೆ ಯೋಜನೆ ಮಾಡಬಹುದೇ?

ಪರ: ಅಂಕಿ ಇಲ್ಲದೆ ಡಾಕ್ಟರ್ ಬರುವುದಿಲ್ಲ

ಪರವಾಗಿ ಬರೆಯಿರಿ ಅಂದಿದ್ದಾರೆ. ನನಗೂ ಕೆಲವು ಅನುಮಾನಗಳಿವೆ, ಆದರೆ ಮುಖ್ಯ ಮಾತಿನಲ್ಲಿ ನಾನು ಈ ಕಡೆಯೇ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕುಡಿತ ಕಾಯಿಲೆಯಾಗಿದ್ದವರಲ್ಲಿ ಶೇ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರ ಹೆಸರು ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಇರುವುದಿಲ್ಲ, ಅಲ್ಲಿಗೆ ಬಂದಿದ್ದರೆ ತಾನೇ? ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದಲೇ ಇದು ಗೊತ್ತಾಗಿದ್ದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬೇಕು ಅಂತ ಕೇಳಲು ಹೋದರೆ ಮೊದಲು ಅಂಕಿ ತೋರಿಸಿ ಅಂತಾರೆ. ಜನ ಸುಳ್ಳು ಹೇಳ್ತಾರೆ ಅನ್ನುವವರು ಜನಗಣತಿಯನ್ನೂ ನಿಲ್ಲಿಸಿ ಅನ್ನುತ್ತಾರಾ?

ವಿರೋಧ: ಬಾಗಿಲಲ್ಲಿ ನಿಂತು ಯಾರು ನಿಜ ಹೇಳ್ತಾರೆ?

ದೇಶದಲ್ಲಿ ಕುಡಿತ, ಡ್ರಗ್ಸ್ ಎಷ್ಟಿದೆ ಅಂತ ಮನೆಮನೆಗೆ ಹೋಗಿ ಕೇಳಿದ 2019ರ ಏಮ್ಸ್ ವರದಿ ನೋಡಿ. ಗಂಡಸರಲ್ಲಿ ಶೇ 27.3 ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ 1.6. ಹೆಂಗಸರು ಕಡಿಮೆ ಕುಡಿಯುತ್ತಾರೆ, ಒಪ್ಪಿದೆ. ಆದರೆ ಅತ್ತೆ ಕಿವಿಗೆ ಬೀಳುವಂತೆ ಯಾವ ಸೊಸೆ ಹೌದು ಅಂದಾಳು?

ನನ್ನ ಸೋದರಮಾವ ದಿನಾ ಕುಡಿಯುತ್ತಿದ್ದರು. ಸರ್ವೆಯ ಹುಡುಗಿ ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತು 'ನಮ್ಮನೇಲಿ ಅಂಥದ್ದೆಲ್ಲ ಇಲ್ಲಮ್ಮ' ಅಂದರು. ಮಾವ ಒಳಗೆ ಮಲಗಿದ್ದರು. ಆಗ ಮಗಳಿಗೆ ಗಂಡು ನೋಡುತ್ತಿದ್ದರು, ಅತ್ತೆ ಬೇರೇನು ಹೇಳಬೇಕಿತ್ತು? ಮಾವನಿಗೆ ಬೆಳಿಗ್ಗೆ ಕೈ ನಡುಗುತ್ತಿತ್ತು, ನಿದ್ದೆ ಇರಲಿಲ್ಲ, ಒಂದು ದಿನ ಬಿಟ್ಟರೂ ಯಾರೋ ಕರೀತಿದ್ದಾರೆ ಅಂತ ಎದ್ದು ಕೂರುತ್ತಿದ್ದರು, ಇದೆಲ್ಲ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ಕೊನೆಗೆ ಅತ್ತೆಯನ್ನು ಒಪ್ಪಿಸಿ, ಮಾವನನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಸರ್ವೆ ಲೆಕ್ಕದಲ್ಲಿ ಮಾವ ಇವತ್ತಿಗೂ ಕುಡಿಯದವರು!

ಮನೆ ಬಾಗಿಲಲ್ಲಿ ಸತ್ಯ ಸಿಗುವುದಿಲ್ಲ ಅಂತ ಏಮ್ಸ್‌ನವರಿಗೂ ಗೊತ್ತಿತ್ತು. ಡ್ರಗ್ಸ್ ಚಟದವರನ್ನು ಎಣಿಸಲು, ಅಂಥವರ ಮೂಲಕವೇ ಇನ್ನೊಬ್ಬರನ್ನು ಹುಡುಕುತ್ತಾ 70 ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ಕುಡಿತಕ್ಕೆ ಮಾತ್ರ ಮನೆಮನೆಯ ಉತ್ತರವನ್ನೇ ನೆಚ್ಚಿಕೊಂಡರು. ಕುಡಿತದ ವಿಷಯದಲ್ಲಿ ಮಾತ್ರ ಜನ ಮುಚ್ಚಿಡುವುದಿಲ್ಲವೇ? ಇನ್ನು ನಿಮ್ಹಾನ್ಸ್ ಸಮೀಕ್ಷೆಯ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ನಡೆದದ್ದು ಪ್ರಾಯೋಗಿಕ ಅಧ್ಯಯನ ಮಾತ್ರ. ನಮ್ಮ ತಾಲ್ಲೂಕಿಗೆ ಏನು ಬೇಕು ಅಂತ ಆ ಅಂಕಿ ನೋಡಿ ಹೇಳುವುದು ಹೇಗೆ? ನಮ್ಮ ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಕೇಳಿ, ಯಾವ ಓಣಿಯಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ಅವರು ಹೇಳ್ತಾರೆ.