ಮೇಲಿನ ಷಡ್ಜ ಕಾಣೆಯಾಗಿದೆ

ಪುಣೆಯ ಕೋಥರೂಡಿನಲ್ಲಿರುವ ನಮ್ಮ ಮನೆಯಿಂದ ಮೇಲಿನ ಷಡ್ಜ, ಅಂದರೆ ಸರಿಗಮದ ತುದಿಯ ‘ಸಾ’, ಕಾಣೆಯಾಗಿ ಇಂದಿಗೆ ಒಂದು ವಾರವಾಯಿತು. ಇಂಜಿನಿಯರಿಂಗ್ ಓದಲು ಧಾರವಾಡದಿಂದ ಬಂದು ನಮ್ಮಲ್ಲಿ ಉಳಿದಿರುವ ಅಕ್ಕನ ಮಗ ತನ್ನ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅಮೆರಿಕದ ಸಂಗೀತ ಸಂಯೋಜಕಿ ವೆಂಡಿ ಕಾರ್ಲೋಸ್ 1980ರ ದಶಕದಲ್ಲಿ ರೂಪಿಸಿದ ಆಲ್ಫಾ ಎಂಬ ಸ್ವರಶ್ರೇಣಿಯನ್ನು ಅದರಲ್ಲಿ ಕೂಡಿಸಿದ್ದಾನೆ. ನನ್ನ ಹಾರ್ಮೋನಿಯಂ ರಿಪೇರಿಗೆ ಹೋಗಿರುವುದರಿಂದ ಬೆಳಗಿನ ಆರೂವರೆಯ ಸಾಧನೆಗೆ ಆ ಕೀಬೋರ್ಡೇ ಗತಿ.

ಸಾಮಾನ್ಯ ಹಾರ್ಮೋನಿಯಂ ಷಡ್ಜದಿಂದ ಮೇಲಿನ ಷಡ್ಜದವರೆಗಿನ 1200 ಸೆಂಟುಗಳ (ಸೆಂಟು ಎಂದರೆ ಸ್ವರಗಳ ನಡುವಿನ ಅಂತರದ ಅಳತೆ) ದೂರವನ್ನು 12 ಸಮಪಾಲು ಮಾಡುತ್ತದೆ. ಈ ಆಲ್ಫಾ ಆದರೋ ಷಡ್ಜದಿಂದ ಪಂಚಮದವರೆಗಿನ ಸುಮಾರು 702 ಸೆಂಟುಗಳನ್ನು ಮಾತ್ರ 9 ಪಾಲು ಮಾಡಿ, ಒಂದೊಂದು ಮೆಟ್ಟಿಲಿಗೆ ಸುಮಾರು 78 ಸೆಂಟು ಎಂದು ಹಂಚಿ, ಅದೇ ಅಳತೆಯಲ್ಲಿ ಮೇಲಕ್ಕೆ ಹತ್ತುತ್ತ ಹೋಗುತ್ತದೆ; ದಾರಿಯಲ್ಲಿ ಷಡ್ಜ ಸಿಕ್ಕಿತೋ ಇಲ್ಲವೋ ಎಂದು ತಿರುಗಿಯೂ ನೋಡುವುದಿಲ್ಲ.

ಇದೊಂದನ್ನೂ ಅರಿಯದ ನಾನು ಮೊದಲ ದಿನ ಕಣ್ಣು ಮುಚ್ಚಿ ಆಲಾಪ ಆರಂಭಿಸಿ, ಪಂಚಮವನ್ನು ದಾಟಿ, ನಿಷಾದದಲ್ಲಿ ಸಾಕಷ್ಟು ಹೊತ್ತು ನಿಂತು, ಮೇಲಿನ ಷಡ್ಜಕ್ಕೆ ಬಾಯಿ ತೆರೆದೆ. ಹುಡುಗ 15ನೆಯ ಮೆಟ್ಟಿಲನ್ನು ಒತ್ತಿದ. ಅದು ಷಡ್ಜಕ್ಕಿಂತ 30 ಸೆಂಟು ಕೆಳಗೆ ನರಳಿತು. 16ನೆಯದನ್ನು ಒತ್ತಿದ, ಅದು 48 ಸೆಂಟು ಮೇಲೆ ಕಿರುಚಿತು. ಅವನು ಎರಡನ್ನೂ ಬಿಡದೆ ಒಂದಾದ ಮೇಲೊಂದು ಒತ್ತುತ್ತಿದ್ದರೆ, ಪ್ಲ್ಯಾಟ್‌ಫಾರಂ ಬದಲಾದ ಲೋಕಲ್ ಗಾಡಿಗಾಗಿ ಆಚೀಚೆ ಓಡುವ ಪ್ರಯಾಣಿಕನಂತೆ ನನ್ನ ಕಂಠವೂ ಬಾಯಿ ಮುಚ್ಚಲು ಸಂಕೋಚಪಟ್ಟುಕೊಂಡು ಕೆಳಗೂ ಮೇಲಕ್ಕೂ ಓಡಿತು. ಕೆಳಮನೆಯ ಮರಾಠಿ ಆಜಿ ಗ್ಯಾಲರಿಗೆ ಬಂದು, “ಕಾಯ್ ಝಾಲಂ ಹೋ, ಪಡಲಾತ್ ಕಾ?” ಎಂದು ಕೇಳಿದರು. ಬಿದ್ದದ್ದು ನಾನಲ್ಲ, ಷಡ್ಜ ಎಂದು ಮರಾಠಿಯಲ್ಲಿ ವಿವರಿಸುವಷ್ಟು ಉಸಿರು ಉಳಿದಿರಲಿಲ್ಲ.

“ಮಾಮಾ, ಇದರಾಗ ಮ್ಯಾಲಿನ ಸಾ ಬರೂದೇ ಇಲ್ಲ. ಹಂಗೇ ಮಾಡ್ಯಾರ,” ಎಂದ ಹುಡುಗ, ಶಾಂತವಾಗಿ.

ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಸಂಗೀತೋತ್ಸವ ಆರಂಭಿಸಿದ ಊರಿನಲ್ಲಿ, ಅದೂ ಗದಗಿನ ಭೀಮಸೇನ ಜೋಶಿಯವರು ಬಾಳಿದ ಊರಿನಲ್ಲಿ, ಇಂಥ ಮಾತನ್ನು ಕಿಟಕಿ ತೆರೆದಿಟ್ಟುಕೊಂಡು ಆಡಬಾರದು. ಆದರೂ ನನಗೆ ಸಿಟ್ಟು ಬರುವುದು ಅವನು ಹೇಳುವುದರಲ್ಲಿ ಅರ್ಧ ನಿಜವಿರುವುದರಿಂದ. ಆಲ್ಫಾದ 9ನೆಯ ಮೆಟ್ಟಿಲಿನ ಪಂಚಮ, ನನ್ನ ಹಾರ್ಮೋನಿಯಮ್ಮಿನ 700 ಸೆಂಟುಗಳ ಪಂಚಮಕ್ಕಿಂತ ಶುದ್ಧ. 5ನೆಯ ಮೆಟ್ಟಿಲಿನ ಗಾಂಧಾರವೂ ಅಷ್ಟೇ ಇಂಪು. ಅಪ್ಪ ತಂಬೂರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತ, ತಂತಿಯ ಕೆಳಗಿನ ದಾರವನ್ನು ಹಿಂದೆ ಮುಂದೆ ಮಾಡುತ್ತ, ಚಹಾ ಆರಿದರೂ ಲಕ್ಷ್ಯ ಕೊಡದೆ ಹುಡುಕುತ್ತಿದ್ದದ್ದು ಇದೇ ಪಂಚಮವನ್ನು. ಅದು ಕೂಡಿದ ಕ್ಷಣ ಅವರು ಏನೂ ಹೇಳುತ್ತಿರಲಿಲ್ಲ, ಆರಿದ ಚಹಾವನ್ನು ಮಾತ್ರ ಕುಡಿಯುತ್ತಿದ್ದರು.

ನಿನ್ನೆ ನಾನು ಹಠ ಹಿಡಿದು, ಕೀಬೋರ್ಡನ್ನು ಮುಚ್ಚಿಸಿ, ಬರಿಯ ಕಂಠದಿಂದ ನಿಜವಾದ ಮೇಲಿನ ಷಡ್ಜ ಹೇಗಿರುತ್ತದೆ ಎಂದು ಹಾಡಿ ತೋರಿಸಿದೆ. ಹುಡುಗ ಮೊಬೈಲಿನ ಶ್ರುತಿಮಾಪಕವನ್ನು ನನ್ನ ಮುಖದೆದುರು ಹಿಡಿದಿದ್ದ. ಅದನ್ನು ನೋಡಿ ಅವನಿಗೆ ಸಂತೋಷವೇ ಸಂತೋಷ.

“ಬರೋಬ್ಬರಿ 30 ಸೆಂಟು ಕೆಳಗ, ಮಾಮಾ! 15ನೇ ಮೆಟ್ಟಲಾ ಕರೆಕ್ಟ್ ಹಿಡದೀರಿ!”