ಕಳ್ಸಿ ಕಳ್ಸಿ, ಪಕ್ಕದ್ಮನೆ ಹುಡುಗನ್ನ

ಯುದ್ಧ ಎಲ್ಲೋ ನಡೀತಿರುತ್ತೆ, ಬಿಪಿ ಏರೋದು ಮಾತ್ರ ಕೋಲಾರದ ಡೂಂಲೈಟ್ ಸರ್ಕಲ್ ಹತ್ರ ಬೇಕರಿಲಿ. ಟೀವಿಲಿ "ಭಾರತ ಸೈನ್ಯ ಕಳಿಸಬೇಕಾ? ಹೌದು ಅಂದ್ರೆ ಒಂದು ಒತ್ತಿ, ಇಲ್ಲ ಅಂದ್ರೆ ಎರಡು ಒತ್ತಿ." ನೀವೂ ನೋಡಿರ್ತೀರ ಬಿಡಿ. ಸ್ಟುಡಿಯೋ ನೆಲದ ಮೇಲೆ ಒಂದು ಗ್ರಾಫಿಕ್ಸ್ ಟ್ಯಾಂಕು ಗುಡುಗುಡು ಅಂತ ಬಂದು ಆಂಕರ್ ಸಾಹೇಬ್ರ ಮೊಣಕಾಲೊಳಗೆ ತೂರಿ ಆ ಕಡೆ ಹೋಯ್ತು, ಅವರಿಗೆ ಏನೂ ಆಗ್ಲಿಲ್ಲ, ಪ್ಯಾಂಟಿನ ಇಸ್ತ್ರಿ ಕೂಡ ಕೆಡ್ಲಿಲ್ಲ. ಇಂಥಾ ಯುದ್ಧ ಆದ್ರೆ ನಾನೂ ರೆಡಿ.

ಪಕ್ಕದಲ್ಲಿ ದಿಲ್‌ಪಸಂದ್ ತಿಂತಿದ್ದ ಅಣ್ಣ ಒಬ್ರು "ಕಳಿಸ್ಬೇಕು ಸಾರ್, ನಮ್ಮೋರು ಒಂದ್ಸಲ ಇಳಿದ್ರೆ ವಾರದಲ್ಲಿ ಕ್ಲೀನ್" ಅಂದ್ರು. ನಿಮ್ ಮಗ ಏನ್ ಮಾಡ್ತಾನಣ್ಣ ಅಂತ ಕೇಳ್ದೆ. ಬೆಂಗಳೂರಲ್ಲಿ ಕಂಪನಿ ಕೆಲಸ, "ಮಳೆ ಬಂದ್ರೆ ಆಫೀಸಿಗೇ ಹೋಗ್ಬೇಡ ಅಂತೀನಿ ಸಾರ್, ಟ್ರಾಫಿಕ್ಕು." ಭೇಷ್. ಎಂಥಾ ದೇಶಭಕ್ತಿ.

ಕಳಿಸೋ ವಿಷ್ಯದಲ್ಲಿ ಸರ್ಕಾರಗಳ ಯೋಗ್ಯತೆ ಏನು ಅಂತ ನಮ್ ಕಡೆಯೋರಿಗೆ ಗೊತ್ತಿರೋಷ್ಟು ಯಾರಿಗೆ ಗೊತ್ತು ಹೇಳಿ. ಪಶ್ಚಿಮ ಘಟ್ಟದ ಎತ್ತಿನಹೊಳೆ ನೀರು ನಿಮ್ ಕಡೆ ಕಳಿಸ್ತೀವಿ ಅಂತ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಕಲ್ಲು ಹಾಕಿದ್ರು, 2024ರಲ್ಲಿ ಸಕಲೇಶಪುರದ ಹತ್ರ ಉದ್ಘಾಟನೆ ಮಾಡಿ ಹಾರ ಹಾಕಿಸ್ಕೊಂಡ್ರು. ಅಷ್ಟರಲ್ಲಿ ನಮಗೆ ಬಂದಿದ್ದೇನು? ಕೆ.ಸಿ. ವ್ಯಾಲಿ, ಅಂದ್ರೆ 2018ರಿಂದ ಬೆಂಗಳೂರೋರು ಬಳಸಿ ಬಿಟ್ಟ ನೀರು, ಅದನ್ನ ಎರಡು ಹಂತ ಶುದ್ಧ ಮಾಡ್ತಾರಂತೆ, ಮೂರನೇ ಹಂತಾನೂ ಮಾಡ್ರಪ್ಪಾ ಅಂತ ಗೋಗರೆದು ಗೋಗರೆದು ರೈತರ ಗಂಟಲು ಒಣಗಿದೆ. ನೀರು ಕಳಿಸೋಕೆ ಡಿಪಿಆರ್ (ಯೋಜನೆಯ ಪೂರ್ತಿ ವರದಿ) ಬೇಕು, ಅರಣ್ಯ ಇಲಾಖೆ ಕ್ಲಿಯರೆನ್ಸ್ ಬೇಕು, ಹಸಿರು ನ್ಯಾಯಮಂಡಳಿಗೆ ಓಡಾಡ್ಬೇಕು. ಹೊರದೇಶಕ್ಕೆ ಸೈನ್ಯ ಕಳಿಸೋಕೆ ಮಾತ್ರ ಪಾರ್ಲಿಮೆಂಟಲ್ಲಿ ಒಂದು ವೋಟೂ ಬೇಡ. ನಿಜವಾಗ್ಲೂ ಬೇಡ, ಸಂವಿಧಾನದಲ್ಲಿ ಹಂಗಂತ ಎಲ್ಲೂ ಹೇಳಿಲ್ಲ, ಕ್ಯಾಬಿನೆಟ್ ರೂಮಲ್ಲಿ ಕಾಫಿ ಆರೋದ್ರೊಳಗೆ ಮುಗಿಸ್ಬಹುದು.

ಕಳಿಸೋದು ಅಂದ್ರೆ 2003 ನೆನಪಾಗುತ್ತೆ. ಇರಾಕ್ ಮೇಲೆ ಬೀಳೋವಾಗ ಅಮೆರಿಕ ಒಂದು ಲಿಸ್ಟ್ ಬಿಟ್ಟಿತ್ತು, ನಮ್ ಜೊತೆ 40ಕ್ಕೂ ಹೆಚ್ಚು ದೇಶ ಇದಾವೆ ಅಂತ. ಮದುವೆ ಕಾರ್ಡಲ್ಲಿ ಸುಖಾಗಮನ ಬಯಸುವವರು ಅಂತ ಕೆಳಗೆ ಸಂದಿಗೊಂದಿಲೆಲ್ಲಾ ಹೆಸರು ತುರುಕ್ತಾರಲ್ಲ, ಥೇಟ್ ಹಂಗೆ. ಐಸ್‌ಲ್ಯಾಂಡ್ ಇತ್ತು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಪಲಾವು (ತಿನ್ನೋದಲ್ಲ ಸ್ವಾಮಿ, ದೇಶ). ಇವ್ಯಾವುದಕ್ಕೂ ಸೈನ್ಯಾನೇ ಇಲ್ಲ! ನನ್ನ ಕೇಳಿದ್ರೆ ಇವರೇ ಮಹಾನ್ ಜಾಣರು, ಹೆಸರೂ ಬಂತು, ಒಂದು ಹೆಣಾನೂ ಬರ್ಲಿಲ್ಲ. ಅದೇ ಲಿಸ್ಟಲ್ಲಿ ಕೋಸ್ಟರಿಕಾನೂ ಇತ್ತು, 1948ರಲ್ಲೇ ಸೈನ್ಯ ಬೇಡ ಅಂತ ತೆಗೆದುಹಾಕಿರೋ ದೇಶ. ಅಲ್ಲಿ ಲಾ ಓದ್ತಿದ್ದ ಒಬ್ಬ ಹುಡುಗ, ನಮ್ ಸರ್ಕಾರ ಯಾರನ್ನ ಕೇಳಿ ಯುದ್ಧಕ್ಕೆ ಜೈ ಅಂತು ಅಂತ ಕೋರ್ಟಿಗೆ ಹೋದ, ಇನ್ನೂ ಕೆಲವರು ಸೇರ್ಕೊಂಡ್ರು, 2004ರಲ್ಲಿ ಕೋರ್ಟು ಸರ್ಕಾರದ ಕಿವಿ ಹಿಂಡಿ ಲಿಸ್ಟಿಂದ ಹೆಸರು ತೆಗೆಸ್ತು. ನಮ್ಮಲ್ಲಿ ಲಾ ಓದೋ ಹುಡುಗ ಹಂಗೆ ಹೋಗಿದ್ರೆ ಮೊದ್ಲು ಅವನ ಫೇಸ್‌ಬುಕ್ ತೆಗೆದು ನೋಡ್ತಿದ್ರು.

ಆ ವರ್ಷ ಅಮೆರಿಕ ನಮ್ಮನ್ನೂ ಕೇಳಿತ್ತು, ಸುಮಾರು 17,000 ಜನ ಕಳ್ಸಿ ಅಂತ. ಕಳಿಸ್ಬೇಕು, ಇಲ್ದಿದ್ರೆ ದೊಡ್ಡಣ್ಣ ಮುನಿಸ್ಕೋತಾನೆ ಅನ್ನೋ ಪಂಡಿತರು ಆಗಲೂ ಇದ್ರು. ಜುಲೈ 14ಕ್ಕೆ ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆ ಸ್ಪಷ್ಟವಾಗಿ ಹೇಳ್ದೆ ಆಗಲ್ಲ ಅಂತು. ಆಕಾಶ ಕಳಚಿ ಬೀಳ್ಲಿಲ್ಲ. ಎರಡೇ ವರ್ಷಕ್ಕೆ ಅದೇ ಅಮೆರಿಕ ಬಂದು ಅಣು ಒಪ್ಪಂದದ ಮಾತು ಶುರು ಮಾಡ್ತು. ಇರಾಕಲ್ಲಿ ಇದೆ ಇದೆ ಅಂದಿದ್ದ ಭಯಂಕರ ಅಸ್ತ್ರಗಳು ಸಿಕ್ಲೇ ಇಲ್ಲ.

ನಾವು ಕಳಿಸೇ ಇಲ್ವಾ ಅಂದ್ರೆ, ಧಾರಾಳವಾಗಿ ಕಳಿಸಿದೀವಿ. 1914ರಲ್ಲಿ ಕೋಲಾರ ಮೈಸೂರು ಸಂಸ್ಥಾನದಲ್ಲಿತ್ತು, ಮಹಾರಾಜರು ಬ್ರಿಟಿಷರ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ರು, ಜೊತೆಗೆ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆ. 1918ರ ಸೆಪ್ಟೆಂಬರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಮೇಲೆ ಭರ್ಜಿ ಹಿಡ್ಕೊಂಡು ತುರ್ಕರ ಕಡೆಯ ಮೆಷಿನ್ ಗನ್ ಎದುರು ನುಗ್ಗಿ ಗೆದ್ರು, ದಿಲ್ಲಿ ತೀನ್ ಮೂರ್ತಿ ಸ್ಮಾರಕದಲ್ಲಿ ಒಂದು ಮೂರ್ತಿ ನಮ್ದೇ. ಆ ಧೈರ್ಯಕ್ಕೆ ಕೈ ಮುಗೀತೀನಿ. ಆದ್ರೆ ತುರ್ಕರಿಗೂ ನಮಗೂ ಯಾವ ಬದುವಿನ ಜಗಳ ಇತ್ತು? ಕೆಜಿಎಫ್‌ನಲ್ಲಿ ಭೂಮಿಯೊಳಗಿನ ಚಿನ್ನಾನೂ ಅವರಿಗೆ, ಖಜಾನೆ ದುಡ್ಡೂ ಅವರಿಗೆ, ಮೇಲೆ ಹುಡುಗರೂ ಅವರಿಗೇ.

ಆಮೇಲೆ 1939. ವೈಸ್‌ರಾಯ್ ಲಿನ್‌ಲಿತ್‌ಗೋ ಇಲ್ಲಿ ಒಬ್ರನ್ನೂ ಕೇಳ್ದೆ ಭಾರತಾನೂ ಯುದ್ಧದಲ್ಲಿದೆ ಅಂದ್ಬಿಟ್ಟ. ನಮ್ಮನ್ನ ಕೇಳ್ಲಿಲ್ಲ ಅಂತ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಬಿಸಾಕಿದ್ವು. ಸರಿಯಾಗೇ ಮಾಡಿದ್ರು. ಅದೇ ಪಾರ್ಟಿ 1987ರಲ್ಲಿ ಶ್ರೀಲಂಕಾಕ್ಕೆ ಸೈನ್ಯ ಕಳಿಸೋವಾಗ ಯಾರನ್ನ ಕೇಳ್ತು? ಜುಲೈ 29ಕ್ಕೆ ಒಪ್ಪಂದ, ಮಾರನೇ ದಿನಾನೇ ಗಾರ್ಡ್ ಆಫ್ ಆನರ್ ಸಾಲಲ್ಲಿ ನಿಂತಿದ್ದ ಲಂಕಾ ನಾವಿಕ ರಾಜೀವ್ ಗಾಂಧಿಗೆ ಬಂದೂಕಿನ ಹಿಡಿಲಿ ಬೀಸಿದ. ಇದಕ್ಕಿಂತ ಕ್ಲಿಯರ್ ಆಗಿ ಯಾರು ಹೇಳ್ಬೇಕಿತ್ತು? ಶಾಂತಿ ಕಾಪಾಡೋಕೆ ಹೋದೋರು ಅಕ್ಟೋಬರಿಗೆಲ್ಲಾ ಎಲ್‌ಟಿಟಿಇ ಹುಲಿಗಳ ಜೊತೆ ಯುದ್ಧ ಮಾಡ್ತಿದ್ರು. ಜಾಫ್ನಾ ಯೂನಿವರ್ಸಿಟಿ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರಲ್ಲಿ ಇಳಿಸಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ ಉಳಿದೋನು ಒಬ್ಬ, ಅವನೂ ಸೆರೆ ಸಿಕ್ಕ. ನಾವು ಯಾರಿಗೆ ಸಹಾಯ ಮಾಡೋಕೆ ಹೋಗಿದ್ವೋ ಆ ಲಂಕಾ ಸರ್ಕಾರಾನೇ ಆಮೇಲೆ ನಮ್ಮೋರ ವಿರುದ್ಧ ಹುಲಿಗಳಿಗೆ ಆಯುಧ ಕೊಡ್ತು. 1,100ಕ್ಕೂ ಹೆಚ್ಚು ಸೈನಿಕರು ಸತ್ರು. 1990ರ ಮಾರ್ಚಲ್ಲಿ ಕೊನೇ ತಂಡ ಮದ್ರಾಸಿಗೆ ಬಂದಿಳಿದಾಗ ಸ್ವಾಗತಕ್ಕೆ ಅಲ್ಲಿನ ಮುಖ್ಯಮಂತ್ರಿ ಕೂಡ ಹೋಗ್ಲಿಲ್ಲ. ಇದರಲ್ಲಿ ನಗೋಕೆ ಏನೂ ಇಲ್ಲ, ಕ್ಷಮಿಸಿ. ಕಳಿಸಿದೋರಲ್ಲಿ ಒಬ್ಬನೂ ಇವತ್ತಿನವರೆಗೂ ಬಂದು, ಇದಕ್ಕೋಸ್ಕರ ಸತ್ರಮ್ಮಾ ನಿಮ್ ಮಕ್ಕಳು ಅಂತ ಆ ತಾಯಂದಿರಿಗೆ ನೆಟ್ಟಗೆ ಹೇಳಿಲ್ಲ.

ಈಗ ಯಾರು ಹೋಗ್ತಾರೆ ಅಂದ್ಕೊಂಡ್ರಿ? ಬೆಳಗಿನ ಜಾವ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ನೋಡಿ, ಮುಳಬಾಗಿಲು ಕಡೆಯಿಂದ ಶ್ರೀನಿವಾಸಪುರ ಕಡೆಯಿಂದ ಬಂದಿರೋ ಹುಡುಗರು, ಕೆಲವರ ಕಾಲಲ್ಲಿ ಶೂ ಕೂಡ ಇಲ್ಲ, 1,600 ಮೀಟರ್ ಓಡ್ತಿರ್ತಾರೆ, ಒಬ್ಬ ಮೊಬೈಲಲ್ಲಿ ಟೈಮ್ ಹಿಡ್ಕೊಂಡು "ಲೇ ಬಾರೋ, ಇನ್ನೂ ಒಂದು ರೌಂಡು" ಅಂತ ಕೂಗ್ತಿರ್ತಾನೆ. ಸೆಲೆಕ್ಟ್ ಆದ್ರೆ ಅಗ್ನಿವೀರ, ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಜನ ಉಳೀತಾರೆ, ಉಳಿದೋರಿಗೆ ಪೆನ್ಷನ್ ಇಲ್ಲ. ಬೇಕರಿಲಿ ಒಂದು ಒತ್ತಿದ್ರೆ ವಿಮಾನ ಹತ್ತೋದು ಇವರು. ಇವರ ನಂಬರಿಗೆ ಯಾವ ಚಾನೆಲ್ಲೂ ಫೋನ್ ಮಾಡಲ್ಲ.

ಬ್ರಿಟನ್ನಲ್ಲಿ ಇರಾಕ್ ಯುದ್ಧಕ್ಕೆ ಮೊದ್ಲು ಪಾರ್ಲಿಮೆಂಟಲ್ಲಿ ವೋಟಿಗೆ ಹಾಕಿದ್ರು, 412ಕ್ಕೆ 149. ಅಲ್ಲೂ ತಪ್ಪೇ ಗೆಲ್ತು ಬಿಡಿ, ಆದ್ರೆ ಯಾವನ್ಯಾವನು ಹೂಂ ಅಂದ ಅನ್ನೋ ಪಟ್ಟಿ ಇವತ್ತಿಗೂ ಇದೆ, ಊರೋರು ಹಿಡಿದು ಕೇಳ್ಬಹುದು. ನಮಗೂ ಅಷ್ಟಾದ್ರೂ ಕಾನೂನು ಬೇಕು. ಮುಂದಿನ ಸಲ ಎಂಪಿ ಸಾಹೇಬ್ರು ಊರಿಗೆ ಬಂದಾಗ ಟೊಮ್ಯಾಟೋ ರೇಟ್ ಜೊತೆ ಇದನ್ನೂ ಒಂದ್ ಮಾತು ಕೇಳಿ, ಎರಡಕ್ಕೂ ಒಂದೇ ಉತ್ತರ ಬರ್ತದೆ, "ಕೇಂದ್ರದ ಗಮನಕ್ಕೆ ತರ್ತೀನಿ."